ಮಲೆನಾಡಿನ ಮಳೆಯೂ ಕಾರಿನ ಚರ್ಮಾಸನವೂ

ತುಂಗಾ ಅಣೆಕಟ್ಟಿನ ಮಗ್ಗುಲಿನ ಗಾಜನೂರಿನಲ್ಲಿ, ಆಷಾಢದ ಜಡಿಮಳೆ ಹಿಡಿದ ಮೇಲೆ ಎರಡು ವಾರ ಬಾಗಿಲು ತೆರೆಯದೆ ನಿಂತ ಕಾರಿನೊಳಕ್ಕೆ ತಲೆಯಿಟ್ಟು ನೋಡಿದವರಿಗೆ, ಚರ್ಮಾಸನಕ್ಕೆ ಬಿಸಿಲೊಂದೇ ಶತ್ರುವಲ್ಲವೆಂಬುದನ್ನು ಬೇರೆ ಬೋಧಿಸಬೇಕಾಗಿಲ್ಲ. ಹೊಲಿಗೆಯ ಸಂದುಗಳಲ್ಲಿ ಬೂಷ್ಟು ನವಿರಾಗಿ ಹಬ್ಬಿರುತ್ತದೆ. ಮುಗ್ಗುಲು ವಾಸನೆ ಮೂಗಿಗೆ ಬಡಿಯುತ್ತದೆ. ಆಗ ಮಾಲೀಕನು ಮಾಡುವ ಮೊದಲ ಉಪಚಾರವೆಂದರೆ ಕೊಬ್ಬರಿ ಎಣ್ಣೆ ತಿಕ್ಕುವುದು. ಅದು ಉಪಚಾರವಲ್ಲ, ಅಪಚಾರ.

ತಂಗಡಿಯ ತೊಗಟೆಯಲ್ಲಿ ವಾರಗಟ್ಟಲೆ ನೆನೆದು, ಅಳಲೆಕಾಯಿಯ ರಸದಲ್ಲಿ ಹದಗೊಂಡ ನಮ್ಮ ಪೂರ್ವಕಾಲದ ತೊಗಲು ಎಣ್ಣೆಯನ್ನು ಕುಡಿಯುತ್ತಿತ್ತು. ಆದರೆ 1884ರಲ್ಲಿ ಅಮೆರಿಕದ ಆಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದ ಹದಕ್ಕೆ ಪೇಟೆಂಟ್ ಪಡೆದ ತರುವಾಯ ಆ ವಿದ್ಯೆಯ ಗತಿಯೇ ಬದಲಾಯಿತು. ಇಂದಿನ ಕಾರಿನ ಚರ್ಮದ ಮೇಲಂತೂ ಬಣ್ಣದ ಪದರವೊಂದು, ಅದರ ಮೇಲೆ ಪಾಲಿಯುರೆಥೇನಿನ ಪಾರದರ್ಶಕ ಲೇಪವೊಂದು ಇರುವುದರಿಂದ, ತಿಕ್ಕಿದ ಎಣ್ಣೆ ಒಳಗಿಳಿಯದೆ ಮೇಲೆಯೇ ನಿಂತು, ಧೂಳನ್ನು ಕರೆದು, ಕಮಟು ಹಿಡಿಯುತ್ತದೆ. ಬೂಷ್ಟನ್ನು ಮೃದುವಾದ ಸಾಬೂನಿನ ನೊರೆಯಿಂದ ಒರಸಿ, ನೆರಳಿನಲ್ಲಿ ಗಾಳಿಗೆ ಒಣಗಿಸತಕ್ಕದ್ದು.

ಆಸನ ಹರಿದಿದ್ದರೆ, ದುರಸ್ತಿಗೆ ಕೈಹಾಕುವ ಮೊದಲು ಅದು ಚರ್ಮವೇ ಹೌದೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಆಸನದ ಅಡಿಯಂಚನ್ನು ಕೊಂಚ ಮಗುಚಿ ಹಿಂಬದಿ ನೋಡಿದರೆ, ನೂಲಿನ ಹೆಣಿಗೆ ಕಂಡಲ್ಲಿ ಅದು ಕೃತಕ, ತೊಗಲಿನ ನಾರು ಕಂಡಲ್ಲಿ ಅಸಲು. ಅನೇಕ ಕಾರುಗಳಲ್ಲಿ ಮೈತಾಗುವ ಭಾಗ ಮಾತ್ರ ಚರ್ಮ, ಪಕ್ಕೆಗಳೆಲ್ಲ ರೆಕ್ಸಿನ್. ಮಾರುವವರು ಈ ಸಂಗತಿಯನ್ನು ಸಣ್ಣ ಅಕ್ಷರದಲ್ಲಿ ಹೇಳುವುದೇ ರೂಢಿ. ಪಾಲಿಯುರೆಥೇನಿನ ಕೃತಕ ಚರ್ಮವಾದರೋ ತೇವದಿಂದ ಶಿಥಿಲವಾಗಿ ಹಪ್ಪಳೆ ಹಪ್ಪಳೆಯಾಗಿ ಏಳುತ್ತದೆ. ಅದಕ್ಕೆ ತೇಪೆ ಹಚ್ಚುವುದು ವ್ಯರ್ಥ, ಬದಲಿಸಿಬಿಡಬೇಕು.

ಅಸಲು ಚರ್ಮ ಅಂಗುಲದಷ್ಟು ಸೀಳಿದ್ದರೆ ಅದನ್ನು ಉಳಿಸಬಹುದು. ಸುತ್ತಲ ಜಿಡ್ಡನ್ನು ಸ್ಪಿರಿಟ್ಟಿನಿಂದ ತೆಗೆದು, ಸೀಳಿಗಿಂತ ಎಲ್ಲ ಕಡೆಗೂ ಅಗಲವಾದ ಬಟ್ಟೆಯ ತುಂಡೊಂದರ ಮೂಲೆಗಳನ್ನು ದುಂಡಾಗಿ ಕತ್ತರಿಸಿ, ಚಿಮುಟದಿಂದ ಚರ್ಮದ ಅಡಿಗೆ ತೂರಿಸಿ, ಬಗ್ಗುವ ಅಂಟಿನಿಂದ ಎರಡು ತುಟಿಗಳನ್ನೂ ಅದರ ಮೇಲೆ ಕೂರಿಸಬೇಕು. ಮೂಲೆ ಚೂಪಾಗಿದ್ದರೆ ಅದು ಮೇಲೆ ಒತ್ತಿ ಗುರುತು ಕೊಡುತ್ತದೆ. ಅಂಟು ಒಣಗಿದ ಬಳಿಕ ಸೀಳು ತುಂಬುವ ಫಿಲ್ಲರನ್ನು ಒಮ್ಮೆಗೇ ಬಳಿಯದೆ ತೆಳುವಾಗಿ ಪದರ ಪದರವಾಗಿ ತುಂಬಿ, ನಯವಾದ ಉಜ್ಜುಕಾಗದದಿಂದ ಸಮಮಾಡಿ, ಬಣ್ಣವನ್ನು ಸ್ಪಂಜಿನಿಂದ ಒತ್ತಿ ಒತ್ತಿ ಕೊಡಬೇಕು. ಕುಂಚದ ಗೆರೆಗಳು ಕೆಲಸಗಾರನ ಅವಸರವನ್ನು ಊರಿಗೆಲ್ಲ ಸಾರುತ್ತವೆ. ಬಣ್ಣವನ್ನು ಹೊಂದಿಸಲು ಡಬ್ಬಿಯ ಮೇಲಿನ ಹೆಸರನ್ನು ನಂಬದೆ, ಬಿಸಿಲು ಕಂಡ ಭಾಗಕ್ಕೇ ಹಿಡಿದು ನೋಡಬೇಕು. ಅಡಿಯಂಚಿನ ಚರ್ಮ ಮಾಸದೆ ಗಾಢವಾಗಿಯೇ ಉಳಿದಿರುತ್ತದೆ.

ಹೊಲಿಗೆ ಮಾತ್ರ ಬಿಟ್ಟಿದ್ದರೆ ಪುಣ್ಯ. ಹಳೆಯ ರಂಧ್ರಗಳಲ್ಲೇ ಗಟ್ಟಿ ಪಾಲಿಯೆಸ್ಟರ್ ದಾರವನ್ನು ಹಾಯಿಸಿದರಾಯಿತು. ಹತ್ತಿಯ ದಾರ ಈ ತೇವದಲ್ಲಿ ಬಾಳದು, ಹೊಸ ರಂಧ್ರ ಹಾಕಿದರೆ ಚರ್ಮ ಅಂಚೆಚೀಟಿಯ ಹಾಳೆಯಂತೆ ಹರಿಯುತ್ತದೆ. ಚಾಲಕನು ಹತ್ತಿ ಇಳಿಯುವ ಪಕ್ಕೆಯಲ್ಲಿಯಾದರೆ ಒಳಗಿನ ಫೋಮು ಕುಸಿದಿರುವುದೇ ಹೆಚ್ಚು. ಅದನ್ನು ತುಂಬದೆ ಮೇಲೆ ಎಂಥ ಚರ್ಮ ಹೊದಿಸಿದರೂ ಅದೇ ಜಾಗದಲ್ಲಿ ಮತ್ತೆ ಬಿರಿಯುತ್ತದೆ. ಪಕ್ಕೆಯೊಂದು ಪೂರ್ತಿ ಹೋಗಿದ್ದರೂ ಇಡೀ ಆಸನ ಬದಲಿಸಬೇಕಾಗಿಲ್ಲ: ಶಿವಮೊಗ್ಗ, ಭದ್ರಾವತಿಗಳಲ್ಲಿ ಕುಶನ್ ಕಟ್ಟುವ ಪಳಗಿದ ಕೈ ಸಿಕ್ಕಿದರೆ, ಆ ತುಂಡನ್ನಷ್ಟೇ ಹೊಲಿಗೆ ಬಿಚ್ಚಿ ತೆಗೆದು, ಅದನ್ನೇ ಅಚ್ಚಾಗಿಟ್ಟುಕೊಂಡು ಹೊಸ ಚರ್ಮ ಕತ್ತರಿಸಿ ಕೂಡಿಸಿಯಾರು.

ಆದರೆ ಆಸನದ ಪಕ್ಕದಲ್ಲಿ ಏರ್‌ಬ್ಯಾಗಿನ ಚೀಟಿ ಹೊಲಿದಿದ್ದರೆ ಆ ಕೈಗಳನ್ನೂ ತಡೆಯಬೇಕು. ಅಲ್ಲಿಯ ಹೊಲಿಗೆಯನ್ನು ಅಪಘಾತದ ಕ್ಷಣದಲ್ಲಿ ಬಿರಿಯಲೆಂದೇ ಹಾಕಿರುತ್ತಾರೆ. ಗಟ್ಟಿ ದಾರವಾಗಲಿ ಬಿಗಿಯಾದ ಹೊದಿಕೆಯಾಗಲಿ ಅಲ್ಲಿ ಕೂಡದು, ಆ ಭಾಗವನ್ನು ತಯಾರಕರ ಕಾರ್ಯಾಗಾರಕ್ಕೇ ಒಪ್ಪಿಸಬೇಕು.