ತೋಳಿನ ಲೆಕ್ಕ ಇಡುವುದು ಮೊಣಕೈ

ಯಾವ ಜಿಮ್ಮಿಗೇ ಹೋಗಿ, ಕನ್ನಡಿಯ ಮುಂದಿನ ಜಾಗ ಬೈಸೆಪ್ಸ್ ಮಾಡುವವರಿಗೆ ಮೀಸಲು. ನೇರ ರಾಡ್ ಹಿಡಿದು, ಸೊಂಟ ಹಿಂದಕ್ಕೆ ಬಾಗಿಸಿ, ಮಣಿಕಟ್ಟು ಮಡಚಿ ಎತ್ತುವ ಹುಡುಗರಲ್ಲಿ ಎಷ್ಟೋ ಮಂದಿಗೆ ತೋಳು ದಪ್ಪವಾಗುವ ಮೊದಲೇ ಮೊಣಕೈ ನೋಯತೊಡಗುತ್ತದೆ. ಹಾಲಿನ ಪಾತ್ರೆ ಎತ್ತುವಾಗ, ಬಾಟಲಿಯ ಮುಚ್ಚಳ ತಿರುಗಿಸುವಾಗ ಹೊರಬದಿಯಲ್ಲಿ ಚುಳುಕ್ ಎನ್ನುತ್ತದೆ. ಟೆನಿಸ್ ರಾಕೆಟ್ ಮುಟ್ಟದವರಿಗೂ ಟೆನಿಸ್ ಎಲ್ಬೋ ಬರುವುದು ಹೀಗೆ.

ಸ್ನಾಯು ಮತ್ತು ಅದನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಒಂದೇ ವೇಗದಲ್ಲಿ ಬಲಿಯುವುದಿಲ್ಲ. ರಜ್ಜುವಿಗೆ ರಕ್ತದ ಹರಿವು ಕಡಿಮೆ. ಸ್ನಾಯು ವಾರಗಳಲ್ಲಿ ಹೊಂದಿಕೊಂಡರೆ ಇದಕ್ಕೆ ತಿಂಗಳುಗಳೇ ಬೇಕು. ಶಕ್ತಿ ಬಂತೆಂದು ವಾರವಾರವೂ ಪ್ಲೇಟ್ ಸೇರಿಸಿದರೆ ರಜ್ಜು ಕೆರಳುತ್ತದೆ.

ಹೆಚ್ಚಿನವರು ಎಡವುವುದು ಸೆಟ್ಟುಗಳ ಲೆಕ್ಕದಲ್ಲಿ. ಪುಲ್‌ಅಪ್, ರೋಯಿಂಗ್ ಬೆನ್ನಿನ ಖಾತೆಗೆ, ಬೆಂಚ್ ಪ್ರೆಸ್ ಎದೆಯ ಖಾತೆಗೆ. ತೋಳಿನ ಖಾತೆಯಲ್ಲಿ ಬರೀ ಕರ್ಲ್. ಆದರೆ ಅಷ್ಟೂ ಸೆಟ್ಟಿಗೆ ಮಡಚಿ ಬಿಚ್ಚಿದ್ದು ಅದೇ ಮೊಣಕೈ.

ಸೈಜ್ ಬೇಕೆನ್ನುವವರು ಮೊದಲು ನೋಡಬೇಕಾದ್ದು ತೋಳಿನ ಹಿಂಭಾಗವನ್ನು. ಟ್ರೈಸೆಪ್ಸ್ ಬೈಸೆಪ್ಸ್‌ಗಿಂತ ದೊಡ್ಡ ಸ್ನಾಯು. ಜಪಾನಿನ ಸಂಶೋಧಕರು 12 ವಾರ ನಡೆಸಿದ ಪ್ರಯೋಗವೊಂದರಲ್ಲಿ, ಕೈಯನ್ನು ತಲೆಯ ಮೇಲಿಟ್ಟು ಕೇಬಲ್ ಎಕ್ಸ್‌ಟೆನ್ಷನ್ ಮಾಡಿದಾಗ ಟ್ರೈಸೆಪ್ಸ್ ಸುಮಾರು ಶೇ 20ರಷ್ಟು ಬೆಳೆಯಿತು. ಕೈ ಪಕ್ಕದಲ್ಲಿಟ್ಟು ಮಾಡಿದಾಗ ಸುಮಾರು ಶೇ 14. ತಲೆಯ ಮೇಲೆ ಎತ್ತಿದ ಭಾರ ಕಡಿಮೆಯೇ ಇತ್ತು. ಸ್ನಾಯು ಹಿಗ್ಗಿರುವಾಗ ಕೆಲಸ ಕೊಟ್ಟರೆ ಕಡಿಮೆ ತೂಕವೂ ಸಾಕು ಎಂಬುದು ಮೊಣಕೈಗೆ ಶುಭವಾರ್ತೆ.

ಬೈಸೆಪ್ಸ್‌ಗೆ ನೇರ ರಾಡಿಗಿಂತ ಝಿಗ್‌ಜಾಗ್ ರಾಡ್ ಅಥವಾ ಡಂಬೆಲ್ ಮೇಲು. ಮಣಿಕಟ್ಟು ತನಗೆ ಹಿತವಾದ ಕೋನದಲ್ಲಿ ಇರುತ್ತದೆ. ಆರು ರೆಪ್ಸ್‌ಗೆ ಒದ್ದಾಡುವ ಭಾರ ಬಿಟ್ಟು, 12ರಿಂದ 20 ರೆಪ್ಸ್‌ಗೆ ಸುಸ್ತಾಗುವಂಥದ್ದು ಹಿಡಿಯಿರಿ. ಇಳಿಸುವಾಗ ಮನಸ್ಸಿನಲ್ಲೇ ಮೂರರವರೆಗೆ ಎಣಿಸಿ. ಮುಂದಿನ ಸರದಿಗೆ ಎರಡು ದಿನ ಬಿಡುವಿರಲಿ.

ತುಸು ನೋವು ಬಂದು ಮರುದಿನ ಬೆಳಿಗ್ಗೆ ಇಳಿದಿದ್ದರೆ ಮುಂದುವರಿಯಬಹುದು. ಇನ್ನೂ ಇದ್ದರೆ ತೂಕ ಇಳಿಸಬೇಕು. ಪೂರ್ತಿ ನಿಲ್ಲಿಸಿ ಕೂತರೆ ನೋವು ತಗ್ಗೀತು, ರಜ್ಜು ಗಟ್ಟಿಯಾಗದು. ವಾರಗಟ್ಟಲೆ ಕಾಡಿದರೆ ಫಿಸಿಯೋಥೆರಪಿಸ್ಟ್ ಬಳಿ ಹೋಗಿ.

ಸೆಟ್ ಕಡಿಮೆ ಮಾಡಲೇಬೇಕಾದಾಗ ಹುಡುಗರು ರೋಯಿಂಗ್ ಬಿಟ್ಟು ಕರ್ಲ್ ಉಳಿಸಿಕೊಳ್ಳುತ್ತಾರೆ. ನನ್ನ ಕತ್ತರಿ ಮೊದಲು ಬೀಳುವುದು ಕರ್ಲಿಗೇ. ರೋಯಿಂಗ್ ಒಂದೇ ಸೆಟ್ಟಿನಲ್ಲಿ ಬೆನ್ನನ್ನೂ ತೋಳನ್ನೂ ದುಡಿಸುತ್ತದೆ. ಕರ್ಲಿಗೆ ಆ ಉಳಿತಾಯ ಗೊತ್ತಿಲ್ಲ.