ಪೇಟಿಯೊಳಗಿನ ಕೂಸಿನ ಫೋಟೋ

ನಮ್ಮ ಕಡೆಯ ಹಳೆಯ ಆಲ್ಬಮ್ಮುಗಳನ್ನು ತೆರೆದರೆ ಕೂಸಿನ ಮೊದಲ ಫೋಟೋ ಎಲ್ಲರ ಮನೆಯಲ್ಲೂ ಒಂದೇ. ನಾಲ್ಕೈದು ತಿಂಗಳ ಕೂಸು ಡಬ್ಬು ಬಿದ್ದು, ಕತ್ತೆತ್ತಿ, ಕ್ಯಾಮರಾದ ಹಿಂದೆ ಗಿಲಕಿ ಆಡಿಸುವವರನ್ನು ನೋಡುತ್ತಿರುತ್ತದೆ. ಸೊಂಟಕ್ಕೆ ಉಡದಾರ, ಗಲ್ಲಕ್ಕೆ ಕಾಡಿಗೆಯ ಬೊಟ್ಟು. ಅದಕ್ಕೂ ಮೊದಲು ಫೋಟೋ ತೆಗೆಸಿದರೆ ದೃಷ್ಟಿಯಾಗುತ್ತದೆಂದು ಹಿರಿಯರು ಬಿಡುತ್ತಿರಲಿಲ್ಲ. ದೃಷ್ಟಿ ಒಂದು ನೆಪವೆಂದೇ ನನಗೆ ಅನ್ನಿಸುತ್ತದೆ. ಕೂಸು ಉಳಿಯುತ್ತದೆಂಬ ಧೈರ್ಯ ಬಂದ ಮೇಲೆಯೇ ಸ್ಟುಡಿಯೋದ ಮೆಟ್ಟಿಲು ಹತ್ತುತ್ತಿದ್ದರು. ನಮ್ಮ ಅಜ್ಜಿ ಹಡೆದದ್ದು ಒಂಬತ್ತು, ಫೋಟೋ ಇರುವುದು ಐದು ಮಕ್ಕಳದ್ದು. ಉಳಿದ ನಾಲ್ಕನ್ನು ಆಕೆ ಬೆರಳು ಮಡಿಸಿ ಎಣಿಸುತ್ತಿದ್ದಳು. ಆಕೆ ಹೋದ ಮೇಲೆ ಎಣಿಸುವವರೂ ಇಲ್ಲ.

ಈಗ ಮೊದಲ ದಿನವೇ ಫೋಟೋ. ಅದರಲ್ಲಿಯೂ ಈಚಿನ ವರ್ಷಗಳಲ್ಲಿ ಒಂದು ಹೊಸ ಜಾತಿಯ ಫೋಟೋವನ್ನು ನೀವೂ ನೋಡಿರುತ್ತೀರಿ. ಹುಮನಾಬಾದಿನಲ್ಲೋ ಬಸವಕಲ್ಯಾಣದಲ್ಲೋ ತಿಂಗಳು ತುಂಬದೆ ಹುಟ್ಟಿದ ಕೂಸನ್ನು ಬೀದರಕ್ಕೋ ಕಲಬುರಗಿಗೋ ಒಯ್ಯುತ್ತಾರೆ. ಅನುಕೂಲವಿದ್ದವರು ಸೊಲ್ಲಾಪುರ, ಹೈದರಾಬಾದಿಗೂ ಹೋಗುತ್ತಾರೆ. ಹೊಟ್ಟೆ ಕೊಯ್ದು ಹಡೆದ ತಾಯಿ ಇಲ್ಲಿಯೇ ಮಲಗಿರುತ್ತಾಳೆ. ಕೂಸಿನ ಹಿಂದೆ ಹೋದ ಗಂಡ ಅಲ್ಲಿಂದ ಮೊಬೈಲಿಗೆ ಒಂದು ಚಿತ್ರ ಕಳಿಸುತ್ತಾನೆ. ಒಂಬತ್ತು ತಿಂಗಳೂ ತುಂಬದ ಆ ಸಂಬಂಧದಲ್ಲಿ ತಾಯಿ ಮಗುವಿನ ಮುಖ ಮೊದಲು ಕಾಣುವುದು ಅಂಗೈ ಅಗಲದ ಆ ಗಾಜಿನ ಮೇಲೆ. ನಮ್ಮಲ್ಲಿ ಐದನೆಯ ರಾತ್ರಿ ಸಟವಿ ಬಂದು ಹಣೆಬರಹ ಬರೆಯುತ್ತಾಳೆಂದು ಪೂಜೆ ಇಡುತ್ತಾರಷ್ಟೆ. ಕೂಸೇ ಇಲ್ಲದ ಒಂದು ಮನೆಯಲ್ಲಿ ಹಾಳೆ ಪೆನ್ನಿನ ಪಕ್ಕ ಮೊಬೈಲನ್ನೇ ಆನಿಸಿ ಇಟ್ಟದ್ದನ್ನು ನಾನು ಕಂಡಿದ್ದೇನೆ. ಇಷ್ಟು ಭಾರ ಹೊರುವ ಚಿತ್ರವನ್ನು ಒಂದು ಕವಿತೆಯಂತೆ ಕೂತು ನೋಡಬೇಡವೇ?

ನೋಡಿದರೆ ಮೊದಲ ದೋಷ ಅಳತೆಯದು. ಗಂಡಸು ಅಂಜಿಕೊಂಡು ಕಾಲಕಡೆ ನಿಂತು, ಮೇಲಿನಿಂದ, ಕೂಸೊಂದನ್ನೇ ತೆಗೆದಿರುತ್ತಾನೆ. ಪಕ್ಕದಲ್ಲಿ ಯಾರದೂ ಕೈ ಇಲ್ಲ, ಬೆರಳಿಲ್ಲ. ಒಂದು ಕಿಲೋದ ಕೂಸೂ ಮೂರು ಕಿಲೋದ ಕೂಸೂ ಅಲ್ಲಿ ಒಂದೇ. (ಬಸವಕಲ್ಯಾಣದ 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಮಕ್ಕಳನ್ನು ನಿಲ್ಲಿಸುವವರ ಕಷ್ಟ ಇದಕ್ಕೆ ತಿರುಗುಮುರುಗು. ಮಗು ಸ್ಪಷ್ಟ ಬಂದರೆ ಬಸವಣ್ಣನ ತಲೆ ಇಲ್ಲ, ಬಸವಣ್ಣ ಪೂರ್ತಿ ಬಂದರೆ ಮಗು ಇರುವೆ.) ಎರಡನೆಯದು, ಚಿತ್ರದ ಜೊತೆ ಮಾತು ಬರುವುದಿಲ್ಲ. ಕಾಮಾಲೆಗೆ ನೀಲಿ ದೀಪದ ಕೆಳಗೆ ಇಟ್ಟಾಗ ಬೆಳಕು ತಾಗದಿರಲೆಂದು ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ಅದನ್ನು ಹೇಳದೆ ಚಿತ್ರವಷ್ಟೇ ಕಳಿಸಿದರೆ ಹಡೆದಾಕೆ ಏನೆಂದುಕೊಳ್ಳಬೇಕು? "ಯವ್ವಾ, ಕಣ್ಣಿಗೇನಾಗ್ಯಾದ?" ಎಂದು ರಾತ್ರಿಯೆಲ್ಲ ಅತ್ತವಳನ್ನು ಬಲ್ಲೆ. ಕಾಲಿನ ಕೆಂಪು ದೀಪ ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುವುದು, ಬಾಯಿಯ ನಳಿಗೆ ಹಾಲು ಇಳಿಸುವುದು. ಎರಡು ಮಾತು ಬರೆದು ಕಳಿಸಿದ್ದರೆ ಆ ರಾತ್ರಿ ಉಳಿಯುತ್ತಿತ್ತು.

ಇಂಥ ಚಿತ್ರದಲ್ಲಿ ನನ್ನ ಕಣ್ಣು ಹುಡುಕುವುದು ಮಾತ್ರ ಕೈಗೋ ಕಾಲಿಗೋ ಸುತ್ತಿದ ಚೀಟಿಯನ್ನು. ಹೆಸರಿಡುವ ಮೊದಲೇ ಬಂದ ಕೂಸು ಅಲ್ಲಿ 'ಬೇಬಿ ಆಫ್' ಇಂಥವಳು. ಲಗ್ನಪತ್ರಿಕೆಯಲ್ಲಿಯೂ ತಂದೆಯ ಹೆಸರು ಮುಂದಾಗುವ ನಮ್ಮಲ್ಲಿ, ಮಗು ಬರೀ ತಾಯಿಯ ಹೆಸರಿನಿಂದ ಇರುವುದು ಆ ನಾಲ್ಕು ದಿನ. ಆದರೆ ಚೌಕಟ್ಟಿನಲ್ಲಿ ತಾಯಿಯೇ ಇಲ್ಲ!

ಪೇಟಿಯ ಕೂಸನ್ನು ನೋಡುವ ಚರಿತ್ರೆಯೂ ವಿಚಿತ್ರದ್ದು. ಅಮೆರಿಕದ ಕೋನಿ ಐಲೆಂಡಿನ ಜಾತ್ರೆಯಂಥ ಮೋಜಿನ ತಾಣದಲ್ಲಿ ಮಾರ್ಟಿನ್ ಕೌನಿ ಎಂಬಾತ 1903ರಿಂದ 1943ರವರೆಗೆ ಇಂಥ ಕೂಸುಗಳನ್ನು ಪೇಟಿಯಲ್ಲಿಟ್ಟು ಟಿಕೆಟ್ ಹಚ್ಚಿ ತೋರಿಸಿದ. ಟಿಕೆಟ್ಟಿಗೆ 25 ಸೆಂಟು. ಹೆತ್ತವರಿಂದ ಬಿಡಿಕಾಸು ತೆಗೆದುಕೊಳ್ಳಲಿಲ್ಲ, ಸಾವಿರಾರು ಕೂಸುಗಳು ಉಳಿದವು. ಬೈಯಬೇಕೋ ಕೈಮುಗಿಯಬೇಕೋ ತಿಳಿಯದು. ನಮ್ಮ ಕರ್ನಾಟಕದಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ 'ಕಿಡ್ರಾಪ್' ಕೆಲಸದಲ್ಲಿ ಇನ್ನೊಂದು ಬಗೆಯ ಫೋಟೋ ಇದೆ. ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ಕ್ಯಾಮರಾ ಹೊತ್ತು ಹೋಗಿ ತಿಂಗಳು ತುಂಬದ ಕೂಸುಗಳ ಕಣ್ಣಿನ ಒಳಪರದೆಯನ್ನೇ ಚಿತ್ರ ತೆಗೆಯುತ್ತಾರೆ, ದೂರದ ವೈದ್ಯರು ಅದನ್ನು ನೋಡಿ ಕುರುಡು ತಪ್ಪಿಸುವ ದಾರಿ ಹೇಳುತ್ತಾರೆ. ಕೆಂಪು ಚಂದ್ರನಂಥ ಆ ಚಿತ್ರವನ್ನು ಯಾವ ತಾಯಿಯೂ ಆಲ್ಬಮ್ಮಿಗೆ ಹಚ್ಚುವುದಿಲ್ಲ. ಕೂಸಿನ ಫೋಟೋಗಳಲ್ಲೆಲ್ಲ ಅದಕ್ಕಿಂತ ಉಪಕಾರಿ ಇನ್ನೊಂದಿಲ್ಲ.

ನನಗೆ ಮೆಚ್ಚಿಕೆಯಾದ ಚಿತ್ರ ಬೇರೆಯದು. ಪೇಟಿಗಳ ಕೊರತೆಯಿದ್ದ ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ ವೈದ್ಯರು ಕೂಸನ್ನು ತಾಯಿಯ ಎದೆಗೇ ಬರಿಮೈಯಲ್ಲಿ ಕಟ್ಟಿಸಿದರು. ಕಾಂಗರೂ ಆರೈಕೆ ಎನ್ನುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ದ ದೊಡ್ಡ ಪ್ರಯತ್ನ ನಡೆದಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದೊಡನೆ ಹೀಗೆ ಎದೆಗೆ ಹಚ್ಚಿದ ಕೂಸುಗಳಲ್ಲಿ ಸಾವು ಕಾಲುಭಾಗ ಕಡಿಮೆಯಾಗಿತ್ತು. ಅಲ್ಲಿ ತೆಗೆದ ಚಿತ್ರಗಳಲ್ಲಿ ಅಳತೆ ತಾನಾಗಿ ಬರುತ್ತದೆ. ತಾಯಿಯ ಗದ್ದ, ಅದರ ಕೆಳಗೆ ಕುಂಚಿಗೆ ತೊಟ್ಟ ಲಿಂಬೆಯಷ್ಟು ತಲೆ.

ಹೇಳಲು ಕಷ್ಟವಾದದ್ದು ಉಳಿದಿದೆ. ಕೂಸು ಹೋದರೆ ಮೊದಲು ಅಳಿಸುವುದು ಫೋಟೋ. ತಾಯಿಯನ್ನು ಕೇಳದೆ, ಮೈದುನನೋ ಅಣ್ಣನೋ, "ನೋಡಿದ್ರ ಅಳ್ತಾಳ" ಎಂದು ಅಳಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಅದು ಅವರ ಸ್ವತ್ತಲ್ಲ. ಅಳುವವಳು ಫೋಟೋ ಇಲ್ಲದೆಯೂ ಅಳುತ್ತಾಳೆ. ಅಮೆರಿಕದ ಕೊಲರಾಡೊದಲ್ಲಿ 2005ರಲ್ಲಿ, ಕೂಸು ಕಳೆದುಕೊಂಡ ತಾಯಿಯೊಬ್ಬಳು ಮತ್ತು ಫೋಟೋಗ್ರಾಫರಳೊಬ್ಬಳು ಸೇರಿ, ಇಂಥ ಮನೆಯವರಿಗೆ ಹಣ ಪಡೆಯದೆ ಚಿತ್ರ ತೆಗೆದುಕೊಡುವ ಸಂಸ್ಥೆ ಕಟ್ಟಿದರು. ಕೂಸನ್ನು ಎತ್ತಿಕೊಂಡ ಹೆತ್ತವರನ್ನೂ ಸೇರಿಸಿಯೇ ತೆಗೆಯುತ್ತಾರೆ. ನಮ್ಮಲ್ಲಿ ಅಂಥದ್ದು ಬಂದರೆ ಅಪಶಕುನ ಎನ್ನುವವರು ಇದ್ದೇ ಇರುತ್ತಾರೆ.

ಬಸವಕಲ್ಯಾಣದ ನಮ್ಮ ಓಣಿಯ ಹುಡುಗಿಯೊಬ್ಬಳ ಕೂಸು ಒಂಬತ್ತನೆಯ ದಿನ ಹೋಯಿತು. ಮನೆಯವರು ಅಳಿಸಿದ್ದ ಚಿತ್ರವನ್ನು ಗಂಡನ ಗೆಳೆಯನ ಮೊಬೈಲಿನಿಂದ ತರಿಸಿಕೊಂಡು ಸ್ಟುಡಿಯೋಕ್ಕೆ ಹೋದಳು, ಜೊತೆಗೆ ನಾನಿದ್ದೆ. ಸ್ಟುಡಿಯೋದವ ಒಳ್ಳೆಯ ಮನಸ್ಸಿನಿಂದಲೇ, "ಅಕ್ಕಾ, ಈ ನಳಿಗಿ, ಪಟ್ಟಿ ಎಲ್ಲಾ ಕಂಪ್ಯೂಟರ್‌ದಾಗ ತೆಗೀತೀನಿ, ಮಲಗಿದಂಗ ಕಾಣ್ತದ" ಅಂದ.

"ನಳಿಗಿ ತೆಗೀಬ್ಯಾಡ್ರಿ," ಅಂದಳು. "ಅದರಾಗಿಂದ ನನ್ನ ಹಾಲು ಹೋಗ್ಯಾದ."

ಆತ ಏನೂ ತೆಗೆಯದೆ ಎರಡು ಪ್ರತಿ ಹಾಕಿಕೊಟ್ಟ.