ಗೇಣಿದಾರನಿಗೆ ದೊರೆತದ್ದು, ಆಳಿಗೆ ದೊರೆಯದ್ದು

ಸ್ವಾತಂತ್ರ್ಯಾನಂತರ ನಮ್ಮ ರಾಜ್ಯದ ಶಾಸನಸಭೆಯು ಅಂಗೀಕರಿಸಿದ ಕಾನೂನುಗಳೊಳಗೆ, ಸಾಮಾನ್ಯ ಒಕ್ಕಲಿನ ಮನೆಯ ಹೊಸ್ತಿಲು ದಾಟಿ ಒಳಹೊಕ್ಕು ಅವನ ಊಟ, ಉಡುಗೆ, ಮಾತಿನ ಧೈರ್ಯ, ಮಕ್ಕಳ ವಿದ್ಯಾಭ್ಯಾಸ ಇವೆಲ್ಲವನ್ನೂ ಮಾರ್ಪಡಿಸಿದ ಕಾನೂನು ಯಾವುದೆಂದು ಯಾರಾದರೂ ಕೇಳಿದರೆ, 1961ರ ಭೂಸುಧಾರಣಾ ಶಾಸನಕ್ಕೆ ದೇವರಾಜ ಅರಸರ ಸರ್ಕಾರವು ತಂದು 1974ರ ಮಾರ್ಚ್ 1ರಿಂದ ಜಾರಿಗೊಳಿಸಿದ ತಿದ್ದುಪಡಿಯನ್ನೇ ಹೆಸರಿಸಬೇಕಾಗುತ್ತದೆ. ಅದರ ಗುಣವನ್ನು ಹಾಡುವವರು ಬಹಳ ಮಂದಿ ಇದ್ದಾರೆ. ಭೂಮಿ ಕಳೆದುಕೊಂಡ ನೋವಿನಿಂದ ಅದನ್ನು ಹಳಿಯುವವರೂ ಇಲ್ಲದಿಲ್ಲ. ಆದರೆ ಆ ಭೂಮಿಯ ಮೇಲೆ ಒಡೆಯನೂ ಅಲ್ಲದೆ ಗೇಣಿದಾರನೂ ಅಲ್ಲದೆ ತಲೆತಲಾಂತರದಿಂದ ದುಡಿಯುತ್ತ ಬಂದ ಮೂರನೆಯವನೊಬ್ಬನಿದ್ದನಲ್ಲ, ಅವನ ಕಡೆಯಿಂದ ನಿಂತು ಈ ಮಹತ್ಕಾರ್ಯವನ್ನು ಅಳೆದವರು ವಿರಳ. ಹಾಗೆ ಅಳೆಯದೆ ಈ ಶಾಸನದ ಬೆಲೆಯನ್ನು ಕಟ್ಟಲಾಗದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸಬೇಕು. ಗೇಣಿಯಲ್ಲಿದ್ದ ಭೂಮಿಯೆಲ್ಲವೂ ಒಂದೇ ದಿನ ಸರ್ಕಾರದ ಸ್ವಾಧೀನವಾಗಿ, ಉಳುತ್ತಿದ್ದ ಗೇಣಿದಾರನು ಏಳನೆಯ ನಮೂನೆಯ ಅರ್ಜಿಯೊಂದನ್ನು ಸಲ್ಲಿಸಿ ಅಧಿಭೋಗದಾರನಾಗಬಹುದು, ಅಂದರೆ ಆ ಭೂಮಿಯ ಹಕ್ಕುದಾರನಾಗಬಹುದೆಂದು ವಿಧಿಸಿದ್ದು ಸಣ್ಣ ಮಾತಲ್ಲ. ಅದಕ್ಕಿಂತಲೂ ದೊಡ್ಡದು, ಆ ಅರ್ಜಿಯನ್ನು ವಿಚಾರಿಸುವ ಬಗೆಯನ್ನು ಕುರಿತು ಶಾಸನಕರ್ತರು ತೋರಿದ ವಿವೇಕ. ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಿದ ಬಡವನು ಇಳಿಯುವಷ್ಟರಲ್ಲಿ ಮುದುಕನಾಗಿರುತ್ತಾನೆಂಬುದನ್ನು ಅರಿತು, ಅವರು ಭೂನ್ಯಾಯಮಂಡಲಿಗಳನ್ನು ಸ್ಥಾಪಿಸಿದರು, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ನಾಲ್ವರು ನಾಮನಿರ್ದೇಶಿತ ಸದಸ್ಯರನ್ನು ಕೂರಿಸಿ, ಅವರೊಳಗೆ ಒಬ್ಬನಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವನಿರತಕ್ಕದ್ದೆಂದು ನಿಯಮಿಸಿದರು, ವಕೀಲರನ್ನು ಹೊರಗಿಟ್ಟರು, ಮೊದಲಿನ ವರ್ಷಗಳಲ್ಲಿ ಮಂಡಲಿಯ ತೀರ್ಮಾನದ ಮೇಲೆ ಮೇಲ್ಮನವಿಗೂ ಅವಕಾಶವೀಯಲಿಲ್ಲ. ಗೇಣಿಚೀಟಿಯಿಲ್ಲದೆ, ಪಹಣಿಯಲ್ಲಿ ಹೆಸರಿಲ್ಲದೆ, ಬಾಯಿಮಾತಿನ ಮೇಲೆಯೇ ಮೂರು ತಲೆಮಾರು ಗದ್ದೆ ಉತ್ತಿದ್ದವನು ಧಣಿಯ ಎದುರಿನಲ್ಲಿ ನಿಂತು, ನೆರೆಯವರ ಸಾಕ್ಷ್ಯದ ಬಲದಿಂದ ತನ್ನ ಹಕ್ಕನ್ನು ಉಚ್ಚರಿಸಿದ ಆ ಘಳಿಗೆಯು ನಮ್ಮ ಸಾಮಾಜಿಕ ಇತಿಹಾಸದಲ್ಲಿ ಅಪೂರ್ವವಾದುದು. ಅರ್ಜಿ ಸಲ್ಲಿಸುವ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿ 1979ರ ಜೂನ್ 30ರವರೆಗೂ ಬಾಗಿಲನ್ನು ತೆರೆದಿಡಲಾಯಿತು. ಬಂದ ಅರ್ಜಿಗಳು ಎಂಟು ಲಕ್ಷಕ್ಕೂ ಮಿಕ್ಕಿದ್ದುವು.

ಈ ಶಾಸನವು ವಿಧಾನಸೌಧದ ಕೊಠಡಿಯೊಂದರಲ್ಲಿ ಹುಟ್ಟಿತೆಂದು ಭಾವಿಸುವುದೂ ತಪ್ಪು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ದೀವರ ಜನಾಂಗದ ಗೇಣಿದಾರರು ಗೇಣಿಬತ್ತವನ್ನು ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿದ್ದರಿಂದ ಮೊದಲಾದ ವಿವಾದವು, ಗಣಪತಿಯಪ್ಪನವರು, ಗೋಪಾಲಗೌಡರು ಮುಂತಾದವರ ಮುಂದಾಳುತನದಲ್ಲಿ ಸತ್ಯಾಗ್ರಹವಾಗಿ ಬೆಳೆದು, ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾಗುವಷ್ಟು ದೂರ ಹೋಯಿತು. ಉಳುವವನೇ ಹೊಲದೊಡೆಯನಾಗಬೇಕೆಂಬ ಘೋಷಣೆಗೆ ರಕ್ತಮಾಂಸಗಳು ಬಂದುದು ಇಂಥ ಹೋರಾಟಗಳಿಂದ. ಮಲೆನಾಡು, ಉತ್ತರ ಕನ್ನಡ, ದಕ್ಷಿಣ ಕನ್ನಡಗಳಲ್ಲಿ ಗೇಣಿಪದ್ಧತಿಯು ದಟ್ಟವಾಗಿದ್ದುದರಿಂದ ಶಾಸನದ ಫಲವೂ ಅಲ್ಲಿ ಸಮೃದ್ಧವಾಯಿತು. ದೀವರು, ಬಿಲ್ಲವರು, ಹಾಲಕ್ಕಿ ಒಕ್ಕಲಿಗರು ಮೊದಲಾದವರ ಮನೆಗಳಲ್ಲಿ ಇಂದು ಕಾಣುವ ಸ್ವಾಭಿಮಾನಕ್ಕೆ ಇದೊಂದು ಮುಖ್ಯ ಕಾರಣ.

ಆದರೆ ಇಲ್ಲಿಯೇ ಪ್ರಶ್ನೆಯೊಂದು ಏಳುತ್ತದೆ. ಗೇಣಿಯೇ ಹಕ್ಕಿನ ಮೂಲವೆಂದಾದರೆ, ಗೇಣಿಯು ಯಾರಿಗೆ ದೊರೆಯುತ್ತಿತ್ತು? ಇದಕ್ಕೆ ಉತ್ತರವನ್ನು ಕಂದಾಯ ಇಲಾಖೆಯ ದಫ್ತರಗಳಲ್ಲಿ ಹುಡುಕುವುದಕ್ಕಿಂತ 1933ರಲ್ಲಿ ಪ್ರಕಟವಾದ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯಲ್ಲಿ ಹುಡುಕುವುದು ಮೇಲು. ಅದರ ನಾಯಕನಾದ ದಲಿತ ಆಳು ಚೋಮನಿಗೆ ಎತ್ತುಗಳಿವೆ, ತೋಳಿನಲ್ಲಿ ಬಲವಿದೆ, ಬೇಸಾಯದ ತೀವ್ರವಾದ ಆಸೆಯಿದೆ. ಅವನು ಬೇಡುವುದು ಭೂಮಿಯ ಒಡೆತನವನ್ನಲ್ಲ; ಉತ್ತು ಬೆಳೆದು ಪಾಲು ಕೊಡುವ ಗೇಣಿಯನ್ನು ಮಾತ್ರ. ಅದೂ ಅವನಿಗೆ ನಿಷಿದ್ಧ, ಏಕೆಂದರೆ ಅವನ ಜಾತಿಯವನು ಸ್ವಂತ ಬೇಸಾಯ ಹೂಡಬಾರದೆಂಬುದು ಊರಿನ ಕಟ್ಟಳೆ. ಇನ್ನೊಬ್ಬರ ಗದ್ದೆಯಲ್ಲಿ ಎಷ್ಟು ಬೇಕಾದರೂ ಬೆವರು ಸುರಿಸಬಹುದು. ತನ್ನದೆಂದು ಹೇಳಿಕೊಳ್ಳುವ ಒಂದು ತುಂಡು ಭೂಮಿಯಲ್ಲಿ ನೇಗಿಲು ಊರುವಂತಿಲ್ಲ. ಬಿ. ವಿ. ಕಾರಂತರು ಈ ಕಥೆಯನ್ನು ಚಲಚ್ಚಿತ್ರವಾಗಿಸಿದ್ದು 1975ರಲ್ಲಿ, ಅಂದರೆ ಭೂನ್ಯಾಯಮಂಡಲಿಗಳು ತಾಲ್ಲೂಕು ಕೇಂದ್ರಗಳಲ್ಲಿ ಅರ್ಜಿಗಳನ್ನು ವಿಚಾರಿಸುತ್ತಿದ್ದ ಕಾಲದಲ್ಲಿಯೇ. ಆಗ ಚೋಮನು ಬದುಕಿದ್ದು ಮಂಡಲಿಯ ಮುಂದೆ ಬಂದಿದ್ದರೆ, ಅಲ್ಲಿ ಸದಸ್ಯನಾಗಿ ಕುಳಿತಿದ್ದ ಅವನ ಜಾತಿಯ ಬಂಧುವೂ ಅವನಿಗೆ ಏನನ್ನೂ ಕೊಡಲಾರದವನಾಗುತ್ತಿದ್ದನು. ಗೇಣಿಯೇ ಸಿಕ್ಕದವನು ಏಳನೆಯ ನಮೂನೆಯಲ್ಲಿ ಯಾವ ಸರ್ವೆ ನಂಬರನ್ನು ಬರೆಯಬೇಕು?

ಈ ಶಾಸನದ ಮೂಲಭೂತವಾದ ದೋಷವು ಇದು. ಜಾತಿಕಟ್ಟಳೆಯು ಶತಮಾನಗಳ ಕಾಲ ಯಾರನ್ನು ಗೇಣಿಯ ಆಚೆಗೆ ಇರಿಸಿತ್ತೋ ಅವರನ್ನು, ಜಾತಿಯ ಹೆಸರನ್ನೆತ್ತದ ಈ ಕಾನೂನೂ ಅಲ್ಲಿಯೇ ಇರಿಸಿತು. ಅಷ್ಟೇ ಅಲ್ಲ, ಸೈನಿಕರು, ನಾವಿಕರು ಮುಂತಾದ ಕೆಲವರ ಹೊರತು ಇನ್ನು ಮುಂದೆ ಯಾರೂ ಭೂಮಿಯನ್ನು ಗೇಣಿಗೆ ಕೊಡಬಾರದೆಂದು ವಿಧಿಸಿದ್ದರಿಂದ, ಧಣಿಗಳ ಶೋಷಣೆಗೆ ತಡೆ ಬಿದ್ದುದು ನಿಜವಾದರೂ, ಆಳಾಗಿದ್ದವನು ಗೇಣಿದಾರನಾಗಿ ಮೇಲೇರಬಹುದಾಗಿದ್ದ ಇಕ್ಕಟ್ಟಾದ ದಾರಿಯೂ ಶಾಸನಬದ್ಧವಾಗಿ ಮುಚ್ಚಿತು. ನಿನ್ನೆಯ ಗೇಣಿದಾರನು ಇಂದು ಒಡೆಯನಾದನು. ಅವನ ಗದ್ದೆಯ ನಾಟಿಗೂ ಕೊಯ್ಲಿಗೂ ಬರುವ ಹೆಣ್ಣಾಳು ಗಂಡಾಳುಗಳು ನಿನ್ನೆಯವರೇ ಆಗಿ ಉಳಿದರು.

ಭೂಹೀನರನ್ನು ಶಾಸನವು ಪೂರ್ತಿಯಾಗಿ ಮರೆತಿತೆಂದು ಹೇಳಿದರೆ ಅನ್ಯಾಯವಾದೀತು. ಪರರ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿಕಾರ್ಮಿಕನಿಗೆ ಆ ಮನೆಯೂ ನಿವೇಶನವೂ ಸೇರಬೇಕೆಂದು 38ನೆಯ ಕಲಮು ಹೇಳಿತು. ‘ಗದ್ದೆ ಬಿಟ್ಟರೆ ಗುಡಿಸಲೂ ಬಿಡು’ ಎಂಬ ಬೆದರಿಕೆಯಿಂದ ಬಿಡುಗಡೆ ಹೊಂದಿದವರಿಗೆ ಅದರ ಬೆಲೆ ಗೊತ್ತು. ನೆರೆಯ ಕೇರಳದಲ್ಲಿಯೂ ಗುಡಿಸಲುವಾಸಿಗಳಿಗೆ ಪಂಚಾಯತಿ ಪ್ರದೇಶದಲ್ಲಿ ಹತ್ತು ಸೆಂಟ್ಸ್ ದೊರೆತು, ಹೊಲಗದ್ದೆಗಳು ಗೇಣಿದಾರರ ಪಾಲಾದುವು. ಅಲ್ಲಿಯ ದಲಿತರ ಅಳಲೂ ಇದೇ. ಇನ್ನು ಭೂಮಿತಿಯಿಂದ ದೊರೆಯುವ ಹೆಚ್ಚುವರಿ ಭೂಮಿಯ ಮಾತು. ಮಿತಿಯನ್ನು ಹತ್ತು ಯೂನಿಟ್ಟುಗಳೆಂದು ಗೊತ್ತುಮಾಡಿದರು. ಆದರೆ ಒಂದು ಯೂನಿಟ್ಟು ಉತ್ತಮ ನೀರಾವರಿಯಲ್ಲಿ ಒಂದೆಕರೆಯಾದರೆ ಖುಷ್ಕಿಯಲ್ಲಿ 5.4 ಎಕರೆ, ಎಂದರೆ ಐದು ಜನರ ಕುಟುಂಬವೊಂದು 54 ಎಕರೆ ಖುಷ್ಕಿಯನ್ನು ನಿರಾತಂಕವಾಗಿ ಇಟ್ಟುಕೊಳ್ಳಬಹುದಾಗಿತ್ತು. ಕುಟುಂಬ ದೊಡ್ಡದಾದರೆ ಮಿತಿಯೂ ದೊಡ್ಡದು. ಬಯಲುಸೀಮೆಯಲ್ಲಿ ಗೇಣಿಯೂ ವಿರಳ, ಮಿತಿಯೂ ಸಡಿಲ. ಆದುದರಿಂದ ಭೂಹೀನರು ಎಲ್ಲಿ ಹೆಚ್ಚಾಗಿದ್ದರೋ ಅಲ್ಲಿ ಹಂಚುವುದಕ್ಕೆ ಭೂಮಿಯೇ ಸಾಕಷ್ಟು ದೊರೆಯಲಿಲ್ಲ.

ಹಾಗಾದರೆ ಆಳಿಗೆ ಭೂಮಿ ಎಲ್ಲಿಂದ ಬರಬೇಕಾಗಿತ್ತು? ಸರ್ಕಾರಿ ಭೂಮಿಯ ಮಂಜೂರಾತಿಯಿಂದ ಎಂಬುದು ಹಳೆಯ ಉತ್ತರ. ಹೀಗೆ ಮಂಜೂರಾದ ಭೂಮಿಯು ಬಹುತೇಕ ಊರಾಚೆಯ ಬಂಜರಾಗಿರುತ್ತಿತ್ತು. ಎತ್ತಿಗೂ ಬೀಜಕ್ಕೂ ಹಣವಿಲ್ಲದೆ, ಮದುವೆಗೋ ಕಾಯಿಲೆಗೋ ಮಾಡಿದ ಸಾಲಕ್ಕಾಗಿ, ಪರಭಾರೆ ಮಾಡಬಾರದೆಂಬ ಷರತ್ತಿದ್ದಾಗ್ಯೂ ಅದು ಅಗ್ಗದ ಬೆಲೆಗೆ ಕೈಬದಲಾಗುತ್ತಿತ್ತು. ಈ ಅನ್ಯಾಯವನ್ನು ಸರಿಪಡಿಸಲು 1978ರಲ್ಲಿ ಪಿಟಿಸಿಎಲ್ ಎಂದು ಜನರು ಕರೆಯುವ ಶಾಸನವು ಬಂದು, ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಅಕ್ರಮ ಪರಭಾರೆಯನ್ನು ಶೂನ್ಯವೆಂದು ಸಾರಿತು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನನ್ನ ದೃಷ್ಟಿಯಲ್ಲಿ ಇದು 1974ರ ತಿದ್ದುಪಡಿಯಷ್ಟೇ ಘನವಾದ ಶಾಸನ. ಅದಕ್ಕೆ ದೊರೆತ ಕೀರ್ತಿಯ ಹತ್ತರಲ್ಲೊಂದು ಪಾಲೂ ಇದಕ್ಕೆ ದೊರೆಯದಿರುವುದು ವಿಷಾದಕರ.

ಎರಡೂ ಶಾಸನಗಳ ನಡವಳಿಕೆಯನ್ನು ಹೋಲಿಸಿ ನೋಡಿದರೆ ಮನಸ್ಸು ನೋಯುತ್ತದೆ. ಗೇಣಿದಾರನಿಗಾಗಿ ಸರ್ಕಾರವು ವಕೀಲರಿಲ್ಲದ, ಮೇಲ್ಮನವಿಯಿಲ್ಲದ, ಊರಿನವರೇ ಕುಳಿತು ಕೇಳುವ ಮಂಡಲಿಯನ್ನು ಕಟ್ಟಿತು. ಭೂಮಿ ಕಳೆದುಕೊಂಡ ಪರಿಶಿಷ್ಟನಾದರೋ ಉಪವಿಭಾಗಾಧಿಕಾರಿಯ ಬಳಿ ಗೆದ್ದರೆ ಜಿಲ್ಲಾಧಿಕಾರಿಯ ಬಳಿ, ಅಲ್ಲಿಯೂ ಗೆದ್ದರೆ ಉಚ್ಚ ನ್ಯಾಯಾಲಯದಲ್ಲಿ, ಹಣವಂತನಾದ ಕೊಂಡವನ ಎದುರು ನಿಂತು ವಾದಿಸಬೇಕಾಯಿತು. ಅರ್ಜಿಯು ಸಮಂಜಸವಾದ ಕಾಲದೊಳಗೆ ಬಂದಿಲ್ಲವೆಂಬ ಕಾರಣದಿಂದ ಅವನನ್ನು ಹಿಂದಿರುಗಿಸಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲೆ, ವಿಳಂಬವೇ ಅವನ ಸೋಲಿಗೆ ಸಾಕಾದ ಕಾರಣವಾಯಿತು. ಕಾಲಮಿತಿಯು ಅನ್ವಯಿಸದೆಂದು ಸ್ಪಷ್ಟಪಡಿಸುವ ತಿದ್ದುಪಡಿಯು ಬಂದುದು 2023ರಲ್ಲಿ. ಈ ಮಧ್ಯೆ 2020ರಲ್ಲಿ, ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ, ಭೂಸುಧಾರಣಾ ಶಾಸನದ 79-ಎ, 79-ಬಿ ಕಲಮುಗಳು ರದ್ದಾದುವು. ಒಂದೆಕರೆಗಾಗಿ ಹಣ ಕೂಡಿಹಾಕುತ್ತಿರುವ ಕೂಲಿಯವನು ಇನ್ನು ನಗರದ ಬಂಡವಾಳದೊಡನೆ ಸ್ಪರ್ಧಿಸಬೇಕು.

ಅರಸರ ಸರ್ಕಾರಕ್ಕೆ ದಾರಿ ತಿಳಿದಿರಲಿಲ್ಲವೆನ್ನುವಂತಿಲ್ಲ. ಗೇಣಿಚೀಟಿಯಿಲ್ಲದ ಗೇಣಿದಾರನ ಮಾತನ್ನು ನೆರೆಹೊರೆಯ ಸಾಕ್ಷ್ಯದಿಂದ ಒಪ್ಪಿದ ಮಂಡಲಿಗೆ, ಈ ಗದ್ದೆಯಲ್ಲಿ ಇಪ್ಪತ್ತು ವರ್ಷ ದುಡಿದ ಆಳು ಯಾರೆಂಬುದನ್ನು ಅದೇ ನೆರೆಹೊರೆಯಿಂದ ಕೇಳಿ ತಿಳಿಯುವುದು ಕಷ್ಟವಾಗುತ್ತಿರಲಿಲ್ಲ. ಅಧಿಭೋಗದ ಹಕ್ಕು ಪಡೆದ ಪ್ರತಿ ದೊಡ್ಡ ಹಿಡುವಳಿಯಿಂದಲೂ ದುಡಿಮೆಯ ಆಧಾರದ ಮೇಲೆ ಒಂದು ಪಾಲನ್ನು ಆಳಿಗೆ ತೆಗೆದಿರಿಸಬಹುದಾಗಿತ್ತು. ಪರಿಶಿಷ್ಟರ ಮಂಜೂರಿ ಭೂಮಿಯ ವ್ಯಾಜ್ಯಗಳನ್ನು ಅದೇ ಮಂಡಲಿಗಳಿಗೆ, ಅದೇ ಸರಳ ವಿಧಾನದಿಂದ, ಅಂತಿಮ ತೀರ್ಮಾನಕ್ಕಾಗಿ ಒಪ್ಪಿಸಬಹುದಾಗಿತ್ತು. ಈ ಎರಡನೆಯ ಕೆಲಸಕ್ಕೆ ಇಂದಿಗೂ ಅಡ್ಡಿಯಿಲ್ಲ. ಒಂದು ತಿದ್ದುಪಡಿ ಸಾಕು.